ಒಡೆಯದ ಹತ್ತು ಅಂಕಿ

ಮುಂಬೈಯ ಕನ್ನಡ ಕೇಳುಗರಿಗೆ ನಮಸ್ಕಾರ.

ಪೆನ್ನು, ಕಾಗದ ಕೈಗೆ ಸಿಗುವಂತಿದ್ದರೆ ತೆಗೆದುಕೊಳ್ಳಿ. ಇವತ್ತು ಒಂದೇ ಒಂದು ಸಂಖ್ಯೆಯ ಬಗ್ಗೆ ಮಾತು. ಇನ್ನೂರ ಹದಿನಾಲ್ಕು ಕೋಟಿ, ಎಪ್ಪತ್ತನಾಲ್ಕು ಲಕ್ಷ, ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಅಂಕಿಯಲ್ಲಿ 2,14,74,83,647. ಮೂವತ್ತೊಂದು ಎರಡುಗಳನ್ನು ಗುಣಿಸಿ, ಬಂದದ್ದರಲ್ಲಿ 1 ಕಳೆದರೆ ಇದು ಸಿಗುತ್ತದೆ. ಇದು ಅವಿಭಾಜ್ಯ ಸಂಖ್ಯೆ. 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ.

ಡೊಂಬಿವಲಿಯಲ್ಲಿ ನನ್ನ ಹತ್ತಿರ ಗಣಿತ ಕಲಿಯುವ ಹುಡುಗಿಯೊಬ್ಬಳು ಕೇಳಿದಳು: "ಸರ್, ಅಷ್ಟೆಲ್ಲ ಸಂಖ್ಯೆಗಳಿಂದ ಯಾರು ಭಾಗಿಸಿ ನೋಡಿದ್ರು?" ಒಳ್ಳೆಯ ಪ್ರಶ್ನೆ ಅಲ್ವಾ? ಇದು ಅವಿಭಾಜ್ಯ ಎಂದು 1772ರಲ್ಲಿ ತೋರಿಸಿದವರು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಗಣಿತಜ್ಞ ಆಯ್ಲರ್. ಆ ಹೊತ್ತಿಗೆ ಅವರ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಎಲ್ಲದರಿಂದ ಭಾಗಿಸುವ ಗೋಜಿಗೆ ಅವರು ಹೋಗಲಿಲ್ಲ.

ಮೊದಲನೆಯದಾಗಿ, ಇದರ ವರ್ಗಮೂಲ 46,340ಕ್ಕಿಂತ ಸ್ವಲ್ಪ ಜಾಸ್ತಿ. ಸಂಖ್ಯೆ ಎರಡು ಭಾಗವಾಗಿ ಒಡೆದರೆ ಅವುಗಳಲ್ಲಿ ಒಂದಾದರೂ ವರ್ಗಮೂಲವನ್ನು ದಾಟುವುದಿಲ್ಲ, ಹಾಗಾಗಿ ಅಲ್ಲಿಯವರೆಗೆ ನೋಡಿದರೆ ಸಾಕು. ಅದರಲ್ಲೂ ಎಲ್ಲವೂ ಬೇಡ. ಯಾಕೆ ಅಂತ ಚಿಕ್ಕ ಲೆಕ್ಕದಲ್ಲಿ ನೋಡೋಣ. ಹನ್ನೊಂದು ಎರಡುಗಳನ್ನು ಗುಣಿಸಿ 1 ಕಳೆದರೆ 2047. ಇದು ಒಡೆಯುತ್ತದೆ: 23 ಇಂಟು 89. ಈಗ 23ನ್ನು 11ರಿಂದ ಭಾಗಿಸಿ. ಶೇಷ 1. 89ನ್ನು ಭಾಗಿಸಿ. ಮತ್ತೆ 1! ಇದು ಸುಮ್ನೆ ಕೂಡಿಬಂದದ್ದಲ್ಲ, ಫ್ರಾನ್ಸಿನ ಗಣಿತಜ್ಞ ಫರ್ಮಾ ಕಂಡುಕೊಂಡ ನಿಯಮ. ಹಾಗೆಯೇ ನಮ್ಮ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಇದ್ದರೆ, ಅದು 31ರಿಂದ ಭಾಗಿಸಿದಾಗ 1 ಉಳಿಸಲೇಬೇಕು. ಆಯ್ಲರ್ ಜರಡಿಯನ್ನು ಇನ್ನೂ ಸಣ್ಣ ಮಾಡಿದರು. 248ರಿಂದ ಭಾಗಿಸಿದಾಗ ಉಳಿಯುವುದು 1 ಅಥವಾ 63 ಮಾತ್ರ ಆಗಿರಬೇಕು. ಹೀಗೆ ಸೋಸಿದರೆ ಮೊದಲು ಸಿಗುವ ಅವಿಭಾಜ್ಯ 311. ಆಮೇಲೆ ಸೀದಾ 1303. ನಡುವಿನ ನೂರಕ್ಕೂ ಜಾಸ್ತಿ ಅವಿಭಾಜ್ಯಗಳನ್ನು ಮುಟ್ಟುವುದೇ ಬೇಡ. 311ರಿಂದ ನೀವೇ ಭಾಗಿಸಿ ನೋಡಿ, 35 ಉಳಿಯುತ್ತದೆ. ಹೀಗೆ 46,340ರವರೆಗೆ ಹೋದರೂ ಒಂದರಿಂದಲೂ ಭಾಗ ಹೋಗುವುದಿಲ್ಲ.

ಲೆಕ್ಕಕ್ಕೆ ಕೂರುವ ಮೊದಲೇ ಯಾವ ಲೆಕ್ಕ ಬೇಡ ಎಂದು ಗೊತ್ತುಮಾಡಿಕೊಳ್ಳುವುದು ಇದೆಯಲ್ಲ, ಗಣಿತದಲ್ಲಿ ನನಗೆ ಅದರಷ್ಟು ಇಷ್ಟವಾದದ್ದು ಬೇರೆ ಇಲ್ಲ. ಮಂಡ್ಯದಲ್ಲಿ ಹುಟ್ಟಿದ ಕೆ. ರಾಮಚಂದ್ರ ಅವರು ಇಲ್ಲೇ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎಷ್ಟೋ ವರ್ಷ ಸಂಖ್ಯಾ ಸಿದ್ಧಾಂತದಲ್ಲಿ, ಅಂದರೆ ಸಂಖ್ಯೆಗಳ ಇಂಥ ಗುಣಗಳನ್ನೇ ಹುಡುಕುವ ಗಣಿತದಲ್ಲಿ, ಕೆಲಸ ಮಾಡಿದರು. ಮುಂಬೈಯ ನಮ್ಮ ಮಕ್ಕಳಿಗೆ ಆ ಹೆಸರು ಗೊತ್ತಿರಬೇಕು.

ಇನ್ನೊಂದು ವಿಷಯ. ಕಂಪ್ಯೂಟರಿನ ಒಂದು-ಸೊನ್ನೆಗಳಲ್ಲಿ ಬರೆದರೆ ಈ ಸಂಖ್ಯೆ ಬರೀ ಮೂವತ್ತೊಂದು ಒಂದುಗಳು. ಹಳೆಯ ಎಷ್ಟೋ ಕಂಪ್ಯೂಟರುಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಾ ಬಂದಿವೆ. ಅದಕ್ಕೆ ಅವುಗಳಲ್ಲಿ ಇರುವುದು 32 ಬಿಟ್, ಅಂದರೆ ಒಂದು-ಸೊನ್ನೆ ಬರೆಯುವ 32 ಮನೆಗಳು. ಒಂದು ಮನೆ ಧನವೋ ಋಣವೋ ಎಂದು ಹೇಳಲು ಹೋದರೆ, ಉಳಿದ ಮೂವತ್ತೊಂದರಲ್ಲಿ ಹಿಡಿಸುವ ಅತಿ ದೊಡ್ಡ ಎಣಿಕೆ ಇದೇ. ನಮ್ಮ ಗಡಿಯಾರದ ಪ್ರಕಾರ 2038ರ ಜನವರಿ 19, ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಜಾಗ ತುಂಬುತ್ತದೆ. ಮರುಸೆಕೆಂಡಿಗೆ ಎಣಿಕೆ ಋಣಕ್ಕೆ ತಿರುಗಿ, ಸರಿಪಡಿಸದೆ ಬಿಟ್ಟ ಕಂಪ್ಯೂಟರ್ 1901ನೇ ಇಸವಿ ತೋರಿಸುತ್ತದೆ. ಅದಕ್ಕೇ ಈಗ ಎಲ್ಲ ಕಡೆ 64 ಬಿಟ್‌ಗೆ ಬದಲಾಯಿಸುವ ಕೆಲಸ ನಡೆದಿದೆ.