ಹಬ್ಬದ ಎಲೆಯ ಮುಂದೆ ಕೂತಾಗ

ಕೇಳುಗರಿಗೆ ನಮಸ್ಕಾರ.

ಗೌರಿ ಗಣೇಶ ಹಬ್ಬ ಹತ್ತಿರ ಬಂತು ಅಂದರೆ ಎರಡು ಥರದ ಬುದ್ಧಿಮಾತು ಶುರುವಾಗುತ್ತದೆ. ಕೆಲವರು ‘ವರ್ಷಕ್ಕೊಂದು ದಿನ ತಾನೇ, ತಿನ್ನಿ’ ಅನ್ನುತ್ತಾರೆ. ಇನ್ನು ಕೆಲವರು ‘ಒಬ್ಬಟ್ಟು ಮುಟ್ಟಲೇಬೇಡಿ’ ಅನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಹಬ್ಬದ ದಿನ ನಾವು ಕೆಡುವುದು ಒಬ್ಬಟ್ಟಿನಿಂದಲ್ಲ, ಹೊತ್ತು ಮೀರಿ ಊಟಕ್ಕೆ ಕೂರುವುದರಿಂದ.

ನೋಡಿ, ಪುರೋಹಿತರು ನಾಲ್ಕು ಮನೆ ಮುಗಿಸಿ ನಮ್ಮ ಮನೆಗೆ ಬರಬೇಕು. ಮಂಗಳಾರತಿ ಆಗುವಷ್ಟರಲ್ಲಿ ಮಧ್ಯಾಹ್ನ ಎರಡೂವರೆ. ಅಲ್ಲಿಯವರೆಗೆ ಹೊಟ್ಟೆಗೆ ಬರೀ ಕಾಫಿ. ಹಾಗೆ ಹಸಿದು ಕೂತವರು ಲೆಕ್ಕ ಇಟ್ಟು ತಿನ್ನುತ್ತಾರಾ? ಹೊಟ್ಟೆ ತುಂಬಿದ್ದು ಮಿದುಳಿಗೆ ಗೊತ್ತಾಗಲು ಸುಮಾರು 20 ನಿಮಿಷ ಬೇಕು. ಅಷ್ಟರೊಳಗೆ ಮೂರನೇ ಒಬ್ಬಟ್ಟೂ ಮುಗಿದಿರುತ್ತದೆ! ಅದಕ್ಕೇ ಬೆಳಿಗ್ಗೆ ಒಂದು ಬಾಳೆಹಣ್ಣು, ಒಂದು ಲೋಟ ಹಾಲು ಅಥವಾ ಸ್ವಲ್ಪ ಅವಲಕ್ಕಿ ತಿಂದುಬಿಡಿ. ಉಪವಾಸ ಇರುವವರ ಮನೆಗಳಲ್ಲೂ ಹಣ್ಣು, ಹಾಲು ಸಾಮಾನ್ಯವಾಗಿ ನಡೆಯುತ್ತದೆ.

ಸಕ್ಕರೆ ಕಾಯಿಲೆ ಇರುವ ಹಿರಿಯರ ವಿಷಯ ಮಾತ್ರ ಬೇರೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಈ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಹೇಳಿತು. ಅಂದರೆ ಹಬ್ಬಕ್ಕೆ ಸೇರುವ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಎಲ್ಲರ ಕಣ್ಣೂ ಅವರು ಸಿಹಿ ತಿನ್ನುತ್ತಾರಾ ಅನ್ನುವುದರ ಮೇಲೆ. ಆದರೆ ಗ್ಲಿಮೆಪಿರೈಡ್‌ನಂಥ ಸಕ್ಕರೆ ಇಳಿಸುವ ಮಾತ್ರೆ ನುಂಗಿ, ಅಥವಾ ಇನ್ಸುಲಿನ್ ಚುಚ್ಚಿಕೊಂಡು, ಪೂಜೆ ಮುಗಿಯಲಿ ಅಂತ ಖಾಲಿ ಹೊಟ್ಟೆಯಲ್ಲಿ ಕೂತರೆ ಸಕ್ಕರೆ ಏರುವುದಿಲ್ಲ, ಇಳಿಯುತ್ತದೆ. ಕೈ ನಡುಗುತ್ತದೆ, ಬೆವರುತ್ತದೆ, ಮಾತು ತೊದಲುತ್ತದೆ. ಹೋಮದ ಹೊಗೆಗೆ ತಲೆ ಸುತ್ತಿತು ಅಂತ ಸುಮ್ನೆ ಕೂರಿಸಬೇಡಿ. ಪ್ರಜ್ಞೆ ಇದ್ದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. 15 ನಿಮಿಷದ ಮೇಲೆ ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಬ್ಬದ ದಿನ ಮಾತ್ರೆ ಎಷ್ಟು ಹೊತ್ತಿಗೆ ಅಂತ ಮೊದಲೇ ಡಾಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.

ಇನ್ನು ಎಲೆಗೆ ಬರೋಣ. ಅಲ್ಲಿ ಕೋಸಂಬರಿ ಇದೆ, ಪಲ್ಯ ಇದೆ. ನೆನೆದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ಒಂದಿಷ್ಟು ತೆಂಗಿನತುರಿ, ನಿಂಬೆರಸ, ಇಂಗು ಸಾಸಿವೆ ಒಗ್ಗರಣೆ. ಇದಕ್ಕಿಂತ ಒಳ್ಳೆಯ ಆರಂಭ ಬೇಕಾ? ನಾವು ಮಾಡುವುದೇನು, ಉಪ್ಪಿನಕಾಯಿಗೆ ಕೊಟ್ಟಷ್ಟೇ ಜಾಗ ಅದಕ್ಕೂ ಕೊಟ್ಟು ನೇರ ಅನ್ನಕ್ಕೆ ಕೈ ಹಾಕುತ್ತೇವೆ. ಕೋಸಂಬರಿ, ಪಲ್ಯವನ್ನು ಎರಡು ಸಲ ಹಾಕಿಸಿಕೊಂಡು ಮೊದಲು ತಿನ್ನಿ. ನಾರು, ಬೇಳೆ ಮೊದಲು ಹೋದರೆ ಆಮೇಲಿನ ಅನ್ನ, ಸಿಹಿಯ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ.

ಸಿಹಿಯಲ್ಲಿ ನಿಮಗೆ ನಿಜವಾಗಿ ಇಷ್ಟವಾದದ್ದು ಯಾವುದೋ ಅದನ್ನು ತಿನ್ನಿ. ಒಬ್ಬಟ್ಟು ಇಷ್ಟ ಅಂದರೆ ಬಿಸಿ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡೇ ತಿನ್ನಿ, ಪಾಯಸ ಬಿಡಿ. ಕರಿದ ಮೋದಕಕ್ಕಿಂತ ಹಬೆಯಲ್ಲಿ ಬೇಯಿಸಿದ ಕಡುಬು ಹಗುರ. ಎಣ್ಣೆಯಲ್ಲಿ ಗ್ರಾಮಿಗೆ 9 ಕ್ಯಾಲೊರಿ, ಸಕ್ಕರೆಯಲ್ಲಿ 4, ಅಲ್ವಾ? ಬೆಲ್ಲ ಹಾಕಿದ್ದೀವಿ, ಏನೂ ಆಗಲ್ಲ ಅನ್ನುವ ಮಾತನ್ನು ನಂಬಬೇಡಿ. ರಕ್ತದ ಸಕ್ಕರೆ ಏರಿಸುವುದರಲ್ಲಿ ಬೆಲ್ಲ ಸಕ್ಕರೆಗೇನೂ ಕಮ್ಮಿಯಿಲ್ಲ.

ಬಡಿಸುವವರಿಗೂ ಒಂದು ಮಾತು. ‘ನಮ್ಮ ಮನೆ ಒಬ್ಬಟ್ಟು ಹಿಡಿಸಲಿಲ್ವಾ?’ ಅಂತ ಕೇಳಿದರೆ ಎದುರಿಗೆ ಕೂತವರು ಬೇಡ ಅನ್ನುವುದು ಹೇಗೆ? ಕೈ ಅಡ್ಡ ಹಿಡಿದವರಿಗೆ ಮತ್ತೆ ಹಾಕಬೇಡಿ. ಒತ್ತಾಯ ಮಾಡಲೇಬೇಕು ಅನ್ನಿಸಿದರೆ ಮಜ್ಜಿಗೆಗೆ ಮಾಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಂಬೊಡೆ ಕರಿದ ಎಣ್ಣೆ ಬಾಣಲೆಯಲ್ಲಿ ಉಳಿದಿರುತ್ತದಲ್ಲ, ಮರುದಿನ ಅದರಲ್ಲೇ ಹಪ್ಪಳ ಕರಿಯಬೇಡಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಹೃದಯಕ್ಕೆ ಒಳ್ಳೆಯದಲ್ಲ. ಸೋಸಿಟ್ಟು ಒಂದೆರಡು ದಿನದಲ್ಲಿ ಒಗ್ಗರಣೆಗೆ ಬಳಸಿ ಮುಗಿಸಿ. ಕಪ್ಪಾಗಿದ್ದರೆ, ಕಮಟು ವಾಸನೆ ಬಂದಿದ್ದರೆ, ಚೆಲ್ಲಿಬಿಡಿ.