ಐದು ಡಾಲರಿನ ಮಾಲೀಕರು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ರೈತರು ತಾವೇ ಸಹಕಾರ ಸಂಘ ಕಟ್ಟಿ ಹಳ್ಳಿಗೆ ಕರೆಂಟು ತಂದ ಕಥೆ ಇದು. ಇಸ್ತ್ರಿ ಪೆಟ್ಟಿಗೆಯಿಂದ ಶುರು ಮಾಡುತ್ತೇನೆ. 1930ರ ದಶಕದಲ್ಲಿ ಅಮೆರಿಕದ ಹಳ್ಳಿ ಹೆಂಗಸರು ಬಟ್ಟೆ ಇಸ್ತ್ರಿ ಮಾಡುತ್ತಿದ್ದದ್ದು ಗಟ್ಟಿ ಕಬ್ಬಿಣದ ತುಂಡಿನಿಂದ. ಕೈ ಸೋಲುವಷ್ಟು ಭಾರ. ಸೌದೆ ಒಲೆ ಮೇಲೆ ಕಾಯಿಸಬೇಕು. ಸ್ವಲ್ಪ ಹೊತ್ತಿಗೇ ಬಿಸಿ ಆರುತ್ತದೆ, ಮತ್ತೆ ಒಲೆಗೆ. ಸುಡು ಬೇಸಿಗೆಯಲ್ಲೂ ಒಲೆ ಉರಿಯಲೇಬೇಕು. ಆಗ ಅಲ್ಲಿನ ಪಟ್ಟಣಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮನೆಗೆ ಕರೆಂಟಿತ್ತು. ರೈತರ ಮನೆಗಳಲ್ಲಿ ಹತ್ತಕ್ಕೆ ಒಂದು.

ಖಾಸಗಿ ಕಂಪನಿಗಳ ಲೆಕ್ಕ ಸರಳ. ಪೇಟೆಯಲ್ಲಿ ಒಂದು ಮೈಲಿ ತಂತಿ ಎಳೆದರೆ ಹತ್ತಾರು ಮನೆ ಸಿಗುತ್ತವೆ, ಹೊಲಗಳ ನಡುವೆ ಎರಡೋ ಮೂರೋ. ಗಿಟ್ಟೋದಿಲ್ಲ ಅಂದರು, ಕೈಬಿಟ್ಟರು.

1935ರ ಮೇ ತಿಂಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹಳ್ಳಿಗಳ ಕರೆಂಟಿಗೆಂದೇ ಒಂದು ಇಲಾಖೆ ತೆರೆದರು. ಮರುವರ್ಷ ಕಾಯ್ದೆಯೂ ಬಂತು. ತಮಾಷೆ ಏನಂದರೆ, ಸರ್ಕಾರ ಮೊದಲು ನೆಚ್ಚಿಕೊಂಡಿದ್ದು ಅದೇ ಕಂಪನಿಗಳನ್ನು. ಅಗ್ಗದ ಸಾಲ ಕೊಟ್ಟರೆ ಹಳ್ಳಿಗೆ ಹೋದಾರು ಅಂತ. ಅವು ಅಷ್ಟಾಗಿ ಕಿವಿಗೊಡಲಿಲ್ಲ. ಆ ಸಾಲಕ್ಕೆ ಅರ್ಜಿ ಹಿಡಿದು ಬಂದವರು ಸಹಕಾರ ಸಂಘ ಕಟ್ಟಿಕೊಂಡ ರೈತರು. ಮಿಸಿಸಿಪಿಯ ಆಲ್ಕಾರ್ನ್ ಕೌಂಟಿಯವರು 1934ರಲ್ಲೇ ಸಂಘ ಕಟ್ಟಿ, ಟೆನೆಸ್ಸೀ ಕಣಿವೆ ಪ್ರಾಧಿಕಾರ ಅನ್ನೋ ಸರ್ಕಾರಿ ಸಂಸ್ಥೆಯ ಕರೆಂಟನ್ನು ಹಂಚಿ ತೋರಿಸಿದ್ದರು.

ಸದಸ್ಯರಾಗಲು ಸಾಮಾನ್ಯವಾಗಿ ಐದು ಡಾಲರ್. ಆರ್ಥಿಕ ಕುಸಿತದ ಕಾಲ ಅದು, ಐದು ಡಾಲರ್ ಸುಮ್ನೆ ಅಲ್ಲ. ಮನೆಮನೆಗೆ ಹೋಗಿ ಒಪ್ಪಿಸಬೇಕಿತ್ತು. ಸಂಘ ಮುಳುಗಿದರೆ ಜಮೀನೂ ಹೋದೀತೇನೋ ಅಂತ ಹೆದರಿದವರಿದ್ದರು. ಕಂಪನಿಗಳೂ ಸುಮ್ಮನಿರಲಿಲ್ಲ. ಸಂಘ ಹುಟ್ಟುವ ಸುದ್ದಿ ಸಿಕ್ಕರೆ ಸಾಕು, ಅನುಕೂಲಸ್ಥರ ಮನೆಗಳಿಗಷ್ಟೇ ಬೇಗಬೇಗ ತಂತಿ ಎಳೆದು ಹೋಗಿಬಿಡುತ್ತಿದ್ದವು. ಜಿದ್ದಿನ ಲೈನು ಅನ್ನಿ. ಉಳಿದ ಮನೆಗಳನ್ನಷ್ಟೇ ನಂಬಿ ಸಂಘ ನಡೆಸೋದು ಹೇಗೆ?

ಹಾಗಾಗಿ ಖರ್ಚು ಹಿಡಿದರು. ಕಂಬಗಳ ನಡುವಿನ ಅಂತರ ಹೆಚ್ಚಿಸಿದರು. ಕಂಬ ನೆಡಲು ಸದಸ್ಯರೇ ಜಾಗ ಬಿಟ್ಟುಕೊಟ್ಟರು. ಎಷ್ಟೋ ಕಡೆ ಮೀಟರನ್ನು ಮನೆಯವರೇ ಓದಿ, ಬರೆದು, ಅಂಚೆಗೆ ಹಾಕುತ್ತಿದ್ದರು. ಪಕ್ಕದ ಮನೆಯವನೂ ಮಾಲೀಕನೇ ಆದಾಗ ಸುಳ್ಳು ಬರೆಯೋದು ಕಷ್ಟ, ಅಲ್ವಾ?

ಇವತ್ತು ಅಲ್ಲಿ ಇಂಥ ಸಂಘಗಳು 800ಕ್ಕೂ ಹೆಚ್ಚು. ಕರೆಂಟು ತಗೊಂಡವರೇ ಸದಸ್ಯರು. ದೊಡ್ಡ ಕಾರ್ಖಾನೆಗೂ ಒಂದೇ ಓಟು, ಒಂಟಿ ಅಜ್ಜಿಗೂ ಒಂದೇ ಓಟು. ಆಡಳಿತ ಮಂಡಳಿ ಆರಿಸುವವರು ಅವರೇ. ಬಹುಪಾಲು ಸಂಘಗಳು ಕರೆಂಟನ್ನು ಸಗಟಾಗಿ ಕೊಂಡು ಹಂಚುತ್ತವೆ. ಹಲವು ಸಂಘಗಳು ಸೇರಿ ಸ್ವಂತ ಉತ್ಪಾದನಾ ಸಂಘ ಮಾಡಿಕೊಂಡದ್ದೂ ಉಂಟು.

ನನಗೆ ಜಾಸ್ತಿ ಹಿಡಿಸಿದ್ದು ಉಳಿಕೆ ಹಣದ ಲೆಕ್ಕ. ವರ್ಷದ ಕೊನೆಗೆ ಖರ್ಚು ಕಳೆದು ಉಳಿದದ್ದು ಲಾಭವಲ್ಲ, ಸದಸ್ಯರದೇ ದುಡ್ಡು. ಸಂಘದ ಒಟ್ಟು ವಸೂಲಿಯಲ್ಲಿ ನಿಮ್ಮ ಬಿಲ್ಲು ಸಾವಿರಕ್ಕೊಂದು ಪಾಲಾದರೆ, ಉಳಿಕೆಯಲ್ಲೂ ಸಾವಿರಕ್ಕೊಂದು ಪಾಲು ನಿಮ್ಮ ಹೆಸರಿಗೆ. ಆದರೆ ಕೂಡಲೇ ಕೈಗೆ ಬರೋದಿಲ್ಲ. ಅಷ್ಟು ದಿನ ಅದು ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಆಗಿ ದುಡಿಯುತ್ತಿರುತ್ತದೆ. ವಾಪಸಾಗಲು ಹತ್ತು ವರ್ಷ, ಇಪ್ಪತ್ತು ವರ್ಷ, ಕೆಲವೆಡೆ ಇನ್ನೂ ಹೆಚ್ಚು.

ಅಷ್ಟರಲ್ಲಿ ಜನ ಊರು ಬಿಟ್ಟಿರುತ್ತಾರೆ, ಕೆಲವರು ತೀರಿಕೊಂಡಿರುತ್ತಾರೆ. ಆಗ ಸಂಘಗಳು ಹೆಸರುಗಳ ಉದ್ದನೆ ಪಟ್ಟಿ ಪ್ರಕಟಿಸುತ್ತವೆ: ಇವರ ಹಣ ನಮ್ಮಲ್ಲಿದೆ, ಇವರು ಎಲ್ಲಿದ್ದಾರೆ ಗೊತ್ತಿದ್ದರೆ ತಿಳಿಸಿ.

ನಮಸ್ಕಾರ.