ಫ್ಯಾಟಿ ಲಿವರ್: ಆಟೋಫೇಜಿ ಎಲ್ಲಿ ಕೈಕೊಡುತ್ತದೆ?

[ತೆರೆಯ ಮೇಲೆ: ಸ್ಕ್ಯಾನಿಂಗ್ ರಿಪೋರ್ಟ್. ‘ಗ್ರೇಡ್ 1 ಫ್ಯಾಟಿ ಲಿವರ್’ ಸಾಲಿಗೆ ಕೆಂಪು ಗೆರೆ]

ನಮಸ್ಕಾರ. ಹದಿನಾರು ಗಂಟೆ ಉಪವಾಸ ಇದ್ದರೆ ಆಟೋಫೇಜಿ, ಅಂದರೆ ಜೀವಕೋಶ ತನ್ನೊಳಗಿನ ಬೇಡದ್ದನ್ನು ತಾನೇ ಒಡೆದು ಮರುಬಳಸುವ ಕೆಲಸ, ಶುರುವಾಗಿ ಲಿವರ್‌ನ ಕೊಬ್ಬೆಲ್ಲ ಕರಗಿಹೋಗುತ್ತದೆ ಅನ್ನುವ ರೀಲ್ಸ್ ನೋಡಿರುತ್ತೀರಿ. ಅದರಲ್ಲಿ ಅರ್ಧ ನಿಜ. ಉಳಿದರ್ಧಕ್ಕೆ ಜೀವಕೋಶದ ಒಳಗೆ ಹೋಗಬೇಕು.

[ಅನಿಮೇಷನ್: ಲಿವರ್ ಜೀವಕೋಶ, ಒಳಗೆ ಹಳದಿ ಹನಿಗಳು]

ಲಿವರ್‌ನಲ್ಲಿ ಕೊಬ್ಬು ಹನಿಹನಿಯಾಗಿ ಕೂತಿರುತ್ತದೆ. ನೂರಕ್ಕೆ ಐದಕ್ಕಿಂತ ಹೆಚ್ಚು ಜೀವಕೋಶಗಳಲ್ಲಿ ಇಂಥ ಹನಿ ಕಂಡರೆ ಫ್ಯಾಟಿ ಲಿವರ್. ಈ ಹನಿಗಳನ್ನು ಆಟೋಫೇಜಿಯೂ ಒಡೆಯುತ್ತದೆ ಅಂತ 2009ರಲ್ಲಿ ತೋರಿಸಿದ್ದು ನ್ಯೂಯಾರ್ಕ್‌ನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ರಜತ್ ಸಿಂಗ್ ಮತ್ತು ಸಂಗಡಿಗರು. ಇದಕ್ಕೆ ಲಿಪೋಫೇಜಿ ಅನ್ನುತ್ತಾರೆ.

ಕೆಲಸ ನಡೆಯುವುದು ಹೀಗೆ. ಎರಡು ಪದರದ ಪೊರೆಯೊಂದು ಹನಿಯ ತುಣುಕನ್ನು ಸುತ್ತಿಕೊಂಡು ಚೀಲವಾಗುತ್ತದೆ. ಆ ಚೀಲ ಹೋಗಿ ಜೀವಕೋಶದ ಜೀರ್ಣಚೀಲವಾದ ಲೈಸೋಸೋಮ್‌ಗೆ ಸೇರಿಕೊಳ್ಳುತ್ತದೆ. ಅಲ್ಲಿ ಪಿಎಚ್ ಸುಮಾರು 4.5ರಿಂದ 5, ಅಂದರೆ ಒಳ್ಳೆ ಹುಳಿ. ಆ ಹುಳಿಯಲ್ಲಿ ಮಾತ್ರ ಚುರುಕಾಗುವ ಆಸಿಡ್ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆಯುತ್ತದೆ. ಹೊರಬಂದ ಕೊಬ್ಬಿನಾಮ್ಲವನ್ನು ಜೀವಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಾ ಉರಿಸುತ್ತದೆ. ಹುಟ್ಟಿನಿಂದಲೇ ಈ ಕಿಣ್ವದ ಕೊರತೆ ಇರುವವರಿಗೆ ಮೈ ತೆಳ್ಳಗಿದ್ದರೂ ಲಿವರ್‌ನಲ್ಲಿ ಕೊಬ್ಬು ತುಂಬುತ್ತದೆ.

[ಅನಿಮೇಷನ್: ಎಂಟಾರ್ ಸ್ವಿಚ್]

ಇದರ ಬ್ರೇಕ್ ಎಂಟಾರ್ ಅನ್ನುವ ಪ್ರೋಟೀನು. ಊಟ ಮಾಡಿದಾಗ ಇನ್ಸುಲಿನ್ ಏರಿ ಬ್ರೇಕ್ ಬೀಳುತ್ತದೆ, ಹೊಟ್ಟೆ ಖಾಲಿಯಾದಾಗ ಸಡಿಲವಾಗುತ್ತದೆ. ರೀಲ್ಸ್ ಹೇಳುವುದರಲ್ಲಿ ನಿಜವಾದ ಅರ್ಧ ಇಷ್ಟೇ. ಫ್ಯಾಟಿ ಲಿವರ್ ಇರುವ ಅನೇಕರಿಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೂ ಇನ್ಸುಲಿನ್ ಹೆಚ್ಚೇ ಇರುತ್ತದೆ. ಹಾಗಾಗಿ ಬ್ರೇಕ್ ಸರಿಯಾಗಿ ಸಡಿಲವಾಗದಿರಬಹುದು. ಇದು ಮೊದಲ ತೊಂದರೆ.

ಎರಡನೆಯ ತೊಂದರೆ ಇದಕ್ಕಿಂತ ಕಷ್ಟದ್ದು. ಚೀಲಗಳು ತಯಾರಾಗುತ್ತವೆ, ಆದರೆ ಲೈಸೋಸೋಮ್ ಜೊತೆ ಸೇರುವುದಿಲ್ಲ, ಇಲ್ಲವೇ ಲೈಸೋಸೋಮ್‌ನ ಹುಳಿಯೇ ಕಡಿಮೆಯಾಗಿರುತ್ತದೆ. ಸಕ್ಕರೆ ಕಾರ್ಖಾನೆ ನಿಂತು ಗೇಟಿನ ಮುಂದೆ ಕಬ್ಬಿನ ಗಾಡಿ ಸಾಲುಗಟ್ಟಿದ ಹಾಗೆ. ಕೆಟ್ಟ ಮೈಟೋಕಾಂಡ್ರಿಯಾ ಕೂಡ ವಿಲೇವಾರಿಯಾಗದೆ ಉಳಿದು ಉರಿಯೂತಕ್ಕೆ ದಾರಿಯಾಗುತ್ತದೆ. ಆಟೋಫೇಜಿಯಲ್ಲಿ ಕರಗಿಹೋಗಬೇಕಿದ್ದ ಪಿ62 ಪ್ರೋಟೀನು ಕೆರಾಟಿನ್ ಎಂಬ ಇನ್ನೊಂದು ಪ್ರೋಟೀನಿನ ಜೊತೆ ಗಂಟುಕಟ್ಟುತ್ತದೆ. ಬಯಾಪ್ಸಿ ನೋಡುವ ಪ್ಯಾಥಾಲಜಿಸ್ಟರಿಗೆ ಈ ಗಂಟುಗಳು ಮ್ಯಾಲರಿ-ಡೆಂಕ್ ಬಾಡಿ ಎಂದು ಹಳೆಯ ಪರಿಚಯ.

ಲ್ಯಾಬ್‌ನಲ್ಲಿ ಬಹಳ ಜನ ಎಡವುವುದೂ ಇಲ್ಲೇ. ಚೀಲದ ಗುರುತಾದ ಎಲ್‌ಸಿ3-2 ಎಂಬ ಪ್ರೋಟೀನು ಹೆಚ್ಚಾಯಿತು ಎಂದರೆ ಆಟೋಫೇಜಿ ಜೋರಾಯಿತು ಎಂದಲ್ಲ. ಕೊನೆಯಲ್ಲಿ ಕಟ್ಟಿಕೊಂಡರೂ ಅದು ಹೆಚ್ಚುತ್ತದೆ. ಬ್ಯಾಫಿಲೋಮೈಸಿನ್ ಎಂಬ ರಾಸಾಯನಿಕ ಹಾಕಿ ಲೈಸೋಸೋಮ್ ನಿಲ್ಲಿಸಿ ನೋಡಬೇಕು. ಆಗ ಎಲ್‌ಸಿ3-2 ಇನ್ನಷ್ಟು ಏರಿದರೆ ಅದುವರೆಗೆ ಹರಿವು ಇತ್ತು ಎಂದರ್ಥ. ಏರದಿದ್ದರೆ ಮೊದಲೇ ಕಟ್ಟಿಕೊಂಡಿತ್ತು ಎಂಬ ಅನುಮಾನ ಬರಬೇಕು.

ಇನ್ನೊಂದು ತೊಡಕು: ಲಿವರ್‌ನಲ್ಲಿ ಗಾಯದ ಕಲೆ ಕಟ್ಟುವುದು ಸ್ಟೆಲೇಟ್ ಜೀವಕೋಶಗಳು. ಅವು ಆ ಕೆಲಸಕ್ಕೆ ಬೇಕಾದ ಶಕ್ತಿಯನ್ನು ಆಟೋಫೇಜಿಯಿಂದಲೇ ಪಡೆಯುತ್ತವೆ. ಇಲಿಗಳಲ್ಲಿ ಈ ಜೀವಕೋಶಗಳ ಆಟೋಫೇಜಿ ನಿಲ್ಲಿಸಿದಾಗ ಕಲೆ ಕಡಿಮೆಯಾಗಿತ್ತು. ಹಾಗಾಗಿ ‘ಆಟೋಫೇಜಿ ಬೂಸ್ಟರ್’ ಎಂದು ಮಾರುವ ಡಬ್ಬಿಗಳಿಗೆ ದುಡ್ಡು ಹಾಕಬೇಡಿ.

[ತೆರೆಯ ಮೇಲೆ: ತೂಕದ ಯಂತ್ರ]

ನಿಮ್ಮ ಲಿವರ್‌ನ ಆಟೋಫೇಜಿ ಅಳೆಯುವ ರಕ್ತಪರೀಕ್ಷೆ ಇಲ್ಲ. ಅಳೆಯಲು ಸಿಗುವುದು ತೂಕ. 5% ಇಳಿದರೆ ಕೊಬ್ಬು ತಗ್ಗುತ್ತದೆ, 7% ದಾಟಿದರೆ ಉರಿಯೂತ, 10% ಆದರೆ ಕಲೆಯೂ ತಗ್ಗುವ ಸಾಧ್ಯತೆ ಹೆಚ್ಚು. 80 ಕೆ.ಜಿ. ಇರುವವರಿಗೆ ಮೊದಲ ಗುರಿ 4 ಕೆ.ಜಿ. ಉಪವಾಸ ಒಂದು ದಾರಿ ಅಷ್ಟೆ. ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಬಾರದು, ಶುಗರ್ ದಿಢೀರ್ ಇಳಿಯುತ್ತದೆ.

ಕಲೆಯ ಅಂದಾಜಿಗೆ ಫಿಬ್-4 ಲೆಕ್ಕ ಇದೆ. ಇದರಲ್ಲಿ ಬರುವ ಎಎಸ್‌ಟಿ, ಎಎಲ್‌ಟಿ ಅಂದರೆ ರಕ್ತಪರೀಕ್ಷೆಯಲ್ಲಿ ಅಳೆಯುವ ಲಿವರ್ ಕಿಣ್ವಗಳು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನಮ್ಮ ಲ್ಯಾಬ್‌ಗಳು ಪ್ಲೇಟ್‌ಲೆಟ್ಟನ್ನು ಲಕ್ಷದಲ್ಲಿ ಕೊಡುತ್ತವೆ, 2.1 ಲಕ್ಷ ಅಂದರೆ ಲೆಕ್ಕಕ್ಕೆ 210.

[ತೆರೆಯ ಮೇಲೆ: 48 × 46 = 2208; 210 × 8 = 1680]

ವಯಸ್ಸು 48, ಎಎಸ್‌ಟಿ 46, ಎಎಲ್‌ಟಿ 64 ಇದ್ದರೆ ಉತ್ತರ 1.31. 65 ವರ್ಷದೊಳಗಿನವರಿಗೆ 1.3 ದಾಟಿದರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಸ್ಕ್ಯಾನ್) ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. 65 ಮೀರಿದವರಿಗೆ ಆ ಗಡಿ 2. ಎಎಲ್‌ಟಿ ನಾರ್ಮಲ್ ಇದೆ ಅಂತ ಈ ಲೆಕ್ಕ ಬಿಡಬೇಡಿ, ಕಲೆ ಕಟ್ಟಿದ ಲಿವರ್‌ನಲ್ಲೂ ಅದು ನಾರ್ಮಲ್ ಬರುವುದುಂಟು.